ನಿರ್ಜನ ಅಂದರೆ ಯಾರಿಲ್ಲ? ಕೆ.ಜಿ.ಎಫ್. ಬಗ್ಗೆ ಒಂದು ವಿಶ್ವಕೋಶದ ಲೇಖನ ಓದಿದ ಮೇಲೆ



ಪೋಸ್ಟ್ ಉದ್ದ ಇದೆ. ನಾಲ್ಕು ಪುಟದ ಲೇಖನಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಕೊಟ್ಟರೆ ಆಗಲ್ಲ ಅನ್ನಿಸಿ ಕೂತು ಬರೆದಿದ್ದೀನಿ. ಬಿಡುವಾದಾಗ ಓದಿ.

ಕಳೆದ ತಿಂಗಳು ಗೆಳೆಯರೊಬ್ಬರು ಒಂದು ಲೇಖನದ ಕರಡು ಕಳಿಸಿದರು. ಒಂದು ವಿಶ್ವಕೋಶಕ್ಕೆ ಸೇರಿಸೋಕೆ ತಯಾರಾಗ್ತಿರೋ ಲೇಖನ. ವಿಷಯ ಕೋಲಾರದ ಚಿನ್ನದ ಗಣಿ, ಅಂದ್ರೆ ನಮ್ಮ ಕೆ.ಜಿ.ಎಫ್. "ನೀವು ಆ ಕಡೆಯವರು, ಒಂದ್ಸಲ ನೋಡಿ, ತಪ್ಪಿದ್ದರೆ ಗುರುತು ಹಾಕಿಕೊಡಿ" ಅಂದರು. ನಾನು ಬಂಗಾರಪೇಟೆ ಹತ್ತಿರದ ಹಳ್ಳಿಯವನು. ನಮ್ಮಪ್ಪನ ತಂಗಿಯನ್ನ ಕೊಟ್ಟಿರೋದು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ಗೆ. ಮಾವ ಗಣಿಯೊಳಗೆ ಇಳಿದು ದುಡಿದವರು, ಈಗಿಲ್ಲ. ಅತ್ತೆ ಇವತ್ತಿಗೂ ಅದೇ ಲೈನ್ ಮನೆಯಲ್ಲಿದ್ದಾರೆ.

ಒಂದು ಭಾನುವಾರ ಕರಡನ್ನ ಫೋನಿನಲ್ಲೇ ಇಟ್ಟುಕೊಂಡು ಅತ್ತೆ ಮನೆಗೆ ಹೋದೆ. ಊಟ ಆದಮೇಲೆ ಓದಿ ಹೇಳಿದೆ. ಮೊದಲ ವಾಕ್ಯದಲ್ಲೇ ಕೆ.ಜಿ.ಎಫ್. ಅನ್ನೋದು 2001ರಲ್ಲಿ ಗಣಿ ಮುಚ್ಚಿದ ಮೇಲೆ ನಿರ್ಜನವಾದ ಗಣಿ ಪಟ್ಟಣ ಅಂತ ಇತ್ತು.

ಅತ್ತೆ ಕೇಳಿದರು. "ನಿರ್ಜನ ಅಂದ್ರೆ ಏನಪ್ಪಾ?"

"ಜನ ಇಲ್ಲದ್ದು ಅಂತ ಅತ್ತೆ."

"ಹಂಗಾದ್ರೆ ಈಗ ನಿಂಗೆ ಊಟಕ್ಕಿಕ್ಕಿದ್ದು ಯಾರು?"

ನಾನು ನಕ್ಕೆ. ಅತ್ತೆ ನಗಲಿಲ್ಲ. "ಬರೆದೋರು ಇಲ್ಲಿಗೆ ಬಂದಿದ್ರಾ ಕೇಳು" ಅಂದರು.

ನನ್ನ ವಿಮರ್ಶೆ ಎಲ್ಲಾ ಹುಟ್ಟಿದ್ದು ಈ ಮಾತಿನಿಂದ. ಗೆಳೆಯರಿಗೆ ಕಳಿಸಿದ ಟಿಪ್ಪಣಿಯನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಹಾಕ್ತಿದ್ದೀನಿ.

ಮೊದಲು ನ್ಯಾಯ ಹೇಳಬೇಕು. ಬರೆದವರು ಸೋಮಾರಿಗಳಲ್ಲ. ಶಿಲೆಯ ವಿವರ, ಕಂಪನಿಗಳ ಹೆಸರು, ಯಂತ್ರಗಳು, ಆಳ, ಇಸವಿ ಎಲ್ಲಾ ಹುಡುಕಿ ಜೋಡಿಸಿದ್ದಾರೆ. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೊರಗೆ ಬಂತು ಅಂತ ಬರೆದಿದ್ದಾರೆ, ಸರಿ ಇದೆ. 1880ರಿಂದ 1956ರವರೆಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಉಸ್ತುವಾರಿ, 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್, 2001ರ ಫೆಬ್ರವರಿ 28ಕ್ಕೆ ಬೀಗ. ಇದೆಲ್ಲಾ ಸರಿ. ಇದರಲ್ಲಿ ನಾನು ತಿದ್ದೋದು ಏನೂ ಇಲ್ಲ.

ನನ್ನ ತಕರಾರು ಇರೋದು ಇದರೊಳಗೆ ಯಾರು ಇದ್ದಾರೆ, ಯಾರು ಇಲ್ಲ ಅನ್ನೋದರ ಬಗ್ಗೆ. ನಾಲ್ಕು ಪುಟದಲ್ಲಿ ಯುರೋಪಿಯನ್ನರ ಹೆಸರು ಹನ್ನೊಂದು. ಗಣಿಗೆ ಇಳಿದವರ ಹೆಸರು ಒಂದೂ ಇಲ್ಲ. ಅವರ ಜಾತಿಯ ಪ್ರಸ್ತಾಪ ಇಲ್ಲ. "ಕೂಲಿಗಳು" ಅನ್ನೋ ಪದ ಮೂರು ಸಲ ಇದೆ.

ಒಂದು. ಚಿನ್ನ ಕಂಡುಹಿಡಿದವರು ಯಾರು?

ಕರಡಿನಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಚಿನ್ನ ಪತ್ತೆ ಹಚ್ಚಿದ ಅಂತಿದೆ. ನಡೆದದ್ದು ಏನು? ಟಿಪ್ಪು ಸತ್ತ ಮೇಲೆ ಮೈಸೂರಿನ ಗಡಿ ಅಳೆಯೋಕೆ ಬಂದ ಸರ್ವೆ ಅಧಿಕಾರಿ ವಾರೆನ್. ಇಲ್ಲಿ ಚಿನ್ನ ಸಿಗುತ್ತಂತೆ ಅನ್ನೋ ಸುದ್ದಿ ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಅಂದ. ಹಳ್ಳಿಯ ಜನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ಅವನು ಬರೆದಿಟ್ಟ.

ಅಂದ್ರೆ ಮಣ್ಣಿನಲ್ಲಿ ಚಿನ್ನ ಇದೆ ಅಂತ ಗೊತ್ತಿದ್ದದ್ದು, ಅದನ್ನ ತೊಳೆದು ಬೇರ್ಪಡಿಸೋ ಕಸುಬು ಗೊತ್ತಿದ್ದದ್ದು ಆ ಊರಿನ ಜನಕ್ಕೆ. ವಾರೆನ್ ನೋಡಿದ, ಬರೆದ, ಕೀರ್ತಿ ಅವನಿಗೆ ಹೋಯಿತು. ಆಮೇಲೆ 1870ರ ದಶಕದಲ್ಲಿ ಮೈಕೇಲ್ ಲಾವೆಲ್ ಅನ್ನೋ ನಿವೃತ್ತ ಸೈನಿಕ ವಾರೆನ್ ಬರೆದದ್ದನ್ನ ಓದಿ ಇಲ್ಲಿಗೆ ಬಂದ, ಮೈಸೂರು ಸರ್ಕಾರದಿಂದ ಪರವಾನಗಿ ತಗೊಂಡ, ದುಡ್ಡು ಸಾಲದೆ ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನಲ್ಲಿ ಅವನ ಹೆಸರಿನಲ್ಲಿ ಲಾವೆಲ್ ರಸ್ತೆ ಇದೆ. ಮಣ್ಣು ತೊಳೆದು ತೋರಿಸಿದವರ ಹೆಸರಿನಲ್ಲಿ ಒಂದು ಗಲ್ಲಿ ಕೂಡ ಇಲ್ಲ.

ನಾನು ಸೂಚಿಸಿದ ತಿದ್ದುಪಡಿ: "ಸ್ಥಳೀಯರು ಬಹಳ ಹಿಂದಿನಿಂದ ಚಿನ್ನ ತೊಳೆಯುತ್ತಿದ್ದರು, ವಾರೆನ್ ಅದನ್ನು 1802ರಲ್ಲಿ ದಾಖಲಿಸಿದ."

ಎರಡು. ಇಳಿದವರು ಯಾರು?

ಗಣಿಗೆ ಜನ "ನೆರೆಯ ಪ್ರದೇಶಗಳಿಂದ ವಲಸೆ ಬಂದರು" ಅಂತ ಒಂದೇ ಸಾಲು. ಎಲ್ಲಿಂದ? ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ. ಯಾರು? ಬಹುಪಾಲು ದಲಿತರು, ಅದರಲ್ಲೂ ಆ ಕಾಲಕ್ಕೆ ಪರೈಯರ್ ಅನ್ನಿಸಿಕೊಂಡು ಆಮೇಲೆ ಆದಿ ದ್ರಾವಿಡರು ಅಂತ ತಮ್ಮನ್ನ ಕರೆದುಕೊಂಡ ಜನ. ಇದು ಗುಟ್ಟೇನಲ್ಲ. ಜಾನಕಿ ನಾಯರ್ ಅವರು 1998ರಲ್ಲೇ ಕೆ.ಜಿ.ಎಫ್. ಮತ್ತು ಬೆಂಗಳೂರಿನ ಕಾರ್ಮಿಕರ ಮೇಲೆ "ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್" ಅನ್ನೋ ದೊಡ್ಡ ಪುಸ್ತಕ ಬರೆದಿದ್ದಾರೆ. ಕರಡು ಬರೆದವರು ಅದನ್ನ ತೆರೆದಂತೆ ಕಾಣಲ್ಲ.

ಯಾಕೆ ಬಂದರು ಅನ್ನೋದು ಮುಖ್ಯ. ಊರಿನಲ್ಲಿ ಜೀತ, ಬರಗಾಲ, ಕೆರೆ ಮುಟ್ಟಂಗಿಲ್ಲ, ಭೂಮಿ ಇಲ್ಲ. ಗಣಿಯಲ್ಲಿ ಪ್ರಾಣಕ್ಕೆ ಖಾತರಿ ಇಲ್ಲ. ಆದರೆ ಕೂಲಿ ದುಡ್ಡಿನಲ್ಲಿ ಸಿಗುತ್ತೆ. ಗೌಡನ ಮನೆ ಹಿತ್ತಿಲಲ್ಲಿ ನಿಂತು ಸೆರಗೊಡ್ಡಿ ರಾಗಿ ಇಸ್ಕೋಬೇಕಾಗಿಲ್ಲ. ನಮ್ಮ ಜನ ಸಾವಿನ ಬಾಯಿಗೆ ಯಾಕೆ ಇಳಿದರು ಅಂತ ಕೇಳೋರಿಗೆ ನಾನು ಹೇಳೋದಿಷ್ಟೇ, ಮೇಲೆ ಇದ್ದದ್ದು ಏನು ಅಂತ ಮೊದಲು ನೋಡಿ. ಒಂದು ಕಾಲಕ್ಕೆ 30 ಸಾವಿರದಷ್ಟು ಜನ ಇಲ್ಲಿ ದುಡಿದರು. ಅಷ್ಟು ಜನ ದಲಿತರು ಊರಿನ ಯಜಮಾನಿಕೆಯಿಂದ ಕಿತ್ತುಕೊಂಡು ಬಂದು ಒಂದೇ ಕಡೆ ನೆಲೆಸಿದ್ದು ಸಣ್ಣ ಸಂಗತಿ ಅಲ್ಲ.

ಹಾಗಂತ ಗಣಿಯಲ್ಲಿ ಜಾತಿ ಇರಲಿಲ್ಲ ಅಂತಲ್ಲ. ಸಾಹೇಬರಿಗೆ ತೋಟ ಇರೋ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕರಡಿನಲ್ಲಿ "ಲಿಟ್ಲ್ ಇಂಗ್ಲೆಂಡ್" ಅಂತ ಅರ್ಧ ಪುಟ ಇದಕ್ಕೇ ಮೀಸಲು. ಕೂಲಿಯವರಿಗೆ ಬಿದಿರು ತಟ್ಟಿ ಗುಡಿಸಲು. ಸಾಲಾಗಿ ಕಟ್ಟಿದ್ದಕ್ಕೆ ಲೈನ್ ಅಂತ ಹೆಸರು. ಒಂದು ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಸಂಸಾರ. ಈ ತಟ್ಟಿ ಲೈನ್ ಬಗ್ಗೆ ಕರಡಿನಲ್ಲಿ ಒಂದು ಪದ ಇಲ್ಲ. ಲಿಟ್ಲ್ ಇಂಗ್ಲೆಂಡ್ ಹೇಳಿ ತಟ್ಟಿ ಲೈನ್ ಹೇಳದಿದ್ದರೆ ಅದು ಕೆ.ಜಿ.ಎಫ್. ಅಲ್ಲ, ಕ್ಲಬ್ಬಿನ ಕಿಟಕಿಯಿಂದ ಕಂಡಷ್ಟು.

ಇಲ್ಲೊಂದು ಮಾತು ನಮ್ಮ ಕನ್ನಡದವರಿಗೂ ಹೇಳಬೇಕು. "ಅವರೆಲ್ಲಾ ತಮಿಳರು ಬಿಡಿ" ಅನ್ನೋದನ್ನ ನಾನು ಬೆಂಗಳೂರಿನ ಪ್ರಗತಿಪರರ ಬಾಯಲ್ಲೂ ಕೇಳಿದ್ದೀನಿ. ಇವರ ಪೂರ್ವಿಕರು ಬಂದಾಗ ಈ ರಾಜ್ಯದ ಗಡಿಯೇ ಇರಲಿಲ್ಲ, ಅದು ಆಗಿದ್ದು 1956ರಲ್ಲಿ. ನಾಲ್ಕೈದು ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾಗಿದ್ದಾರೆ. ಮಾವ ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಪೇಟೆಯಲ್ಲಿ ತೆಲುಗು ಮಾತಾಡ್ತಿದ್ದರು. ಮೈಸೂರು ಸರ್ಕಾರದ ಬೊಕ್ಕಸಕ್ಕೆ ಈ ಗಣಿಯ ರಾಯಧನ ದೊಡ್ಡ ಆದಾಯ ಆಗಿತ್ತು. ಮಾದರಿ ಮೈಸೂರು ಅಂತ ನಾವು ಹೊಗಳೋ ಕಾಲದ ಖರ್ಚಿನಲ್ಲಿ ಈ "ಹೊರಗಿನವರ" ಬೆವರೂ ಇದೆ. ದುಡ್ಡು ನಮ್ಮದು, ದುಡಿದವರು ಹೊರಗಿನವರು ಅನ್ನೋದು ಯಾವ ನ್ಯಾಯ?

ಮೂರು. ಕರೆಂಟು ಬಂದಿದ್ದು ಯಾರಿಗೆ?

1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಕೆ.ಜಿ.ಎಫ್.ಗೆ ವಿದ್ಯುತ್ ತಂದರು. ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ತಂತಿಗಳಲ್ಲಿ ಒಂದು. ಬೆಂಗಳೂರಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಎಲ್ಲರಿಗೂ ಹೆಮ್ಮೆ, ನನಗೂ ಹೆಮ್ಮೆ. ಕರಡು ಇದನ್ನ "ಕೆ.ಜಿ.ಎಫ್. ಜನತೆಗೆ ಬೆಳಕು ಸಿಕ್ಕಿತು" ಅಂತ ಬರೆದಿದೆ. ತಂತಿ ಎಳೆದದ್ದು ಜನತೆಗಲ್ಲ, ಗಣಿಗೆ. ಕಲ್ಲು ಕುಟ್ಟೋ ಗಿರಣಿಗೆ, ಪಂಪಿಗೆ, ಎತ್ತುವ ಯಂತ್ರಕ್ಕೆ. "ಗಣಿ ಯಂತ್ರಗಳಿಗೆ ವಿದ್ಯುತ್ ಸಿಕ್ಕಿತು" ಅಂತ ತಿದ್ದಿ ಅಂದಿದ್ದೀನಿ.

ನಾಲ್ಕು. ಕಳ್ಳರು ಯಾರು?

ಚಿನ್ನದ ಕಳ್ಳತನ ಅಂತ ಒಂದು ಪ್ಯಾರಾ ಇದೆ. ಅದನ್ನ ಓದಿದರೆ ಲೈನ್ ಮನೆಗಳೆಲ್ಲಾ ಕಳ್ಳರ ಕೊಂಪೆ ಅನ್ನಿಸಬೇಕು. ಚಿನ್ನದ ಅದಿರು ಹತ್ತಿರ ಇದ್ದರೆ ಸಾಕು ಅಪರಾಧಿ, ಅದು ಎಲ್ಲಿಂದ ಬಂತು ಅಂತ ಅವನೇ ಸಾಬೀತು ಮಾಡಬೇಕು ಅನ್ನೋ ಥರದ ಕಾನೂನನ್ನ ಈ ಗಣಿಗೋಸ್ಕರ ಮೈಸೂರು ಸರ್ಕಾರ ಮಾಡಿತ್ತು. ಶಿಫ್ಟ್ ಮುಗಿಸಿ ಮೇಲೆ ಬಂದವನ ಮೈ ತಡಕೋದು ದಿನನಿತ್ಯದ ಮಾತು. ಚಿನ್ನದ ಲಾಭ ಸಮುದ್ರ ದಾಟಿ ಲಂಡನ್ನಿನ ಷೇರುದಾರರ ಕೈಗೆ ಹೋಗಿದ್ದು ವ್ಯಾಪಾರ, ಉಗುರಿನಲ್ಲಿ ಸಿಕ್ಕಿಕೊಂಡ ಪುಡಿ ಕಳ್ಳತನ.

1930ರಲ್ಲಿ ಕಾರ್ಮಿಕರ ನೋಂದಣಿಗೆ ಬೆರಳಚ್ಚು ತಗೋತೀವಿ ಅಂತ ಕಂಪನಿ ಹೊರಟಿತು. ಬೆರಳಚ್ಚು ತಗೊಳೋದು ಯಾರದ್ದು? ಜೈಲಿಗೆ ಹೋಗೋ ಕಳ್ಳರದ್ದು. ನಮ್ಮದ್ಯಾಕೆ ಅಂತ ಇಡೀ ಗಣಿ ಕೆಲಸ ನಿಲ್ಲಿಸಿತು. ಸಾವಿರಾರು ಜನ, ಹಿಂದೆ ನಿಂತು ನಡೆಸೋ ಗಟ್ಟಿ ಯೂನಿಯನ್ ಇಲ್ಲ, ಆದರೂ ಮುಷ್ಕರ ವಾರಗಟ್ಟಲೆ ನಡೀತು. ಕೂಲಿ ಜಾಸ್ತಿ ಮಾಡಿ ಅನ್ನೋದಕ್ಕಿಂತ ಮೊದಲು ನಮ್ಮನ್ನ ಕಳ್ಳರ ಹಾಗೆ ನೋಡಬೇಡಿ ಅನ್ನೋದಕ್ಕೆ ಎದ್ದ ಹೋರಾಟ ಇದು. ಮಹಾಡದ ಕೆರೆ ನೀರು ಮುಟ್ಟಿದ್ದು 1927ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಇಲ್ಲಿ ನಮ್ಮ ಜನ ಮಾನಕ್ಕಾಗಿ ಕೆಲಸ ಬಿಟ್ಟು ಕೂತರು. ಕರಡಿನಲ್ಲಿ ಕಳ್ಳತನ ಇದೆ, ಈ ಮುಷ್ಕರ ಇಲ್ಲ.

ಐದು. ಬುದ್ಧ ಇಲ್ಲಿಗೆ ಬಂದಿದ್ದ

ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದ ಜಾಗ. "ಧಾರ್ಮಿಕ ಸ್ಥಳಗಳು" ಅನ್ನೋ ಭಾಗದಲ್ಲಿ ಚರ್ಚುಗಳಿವೆ, ದೇವಸ್ಥಾನಗಳಿವೆ. ಬೌದ್ಧರು ಇಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಪಂಡಿತ ಅಯೋತಿ ದಾಸರು 1898ರಲ್ಲಿ ಬೌದ್ಧ ಧರ್ಮ ಸ್ವೀಕರಿಸಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಾವು ಹುಟ್ಟಾ ಅಸ್ಪೃಶ್ಯರಲ್ಲ, ಬೌದ್ಧರಾಗಿದ್ದವರನ್ನ ಕೆಳಗೆ ತಳ್ಳಿದರು ಅಂತ ವಾದ ಮಾಡಿದರು. 1907ರಲ್ಲಿ "ಒರು ಪೈಸಾ ತಮಿಳನ್" ಅನ್ನೋ ವಾರಪತ್ರಿಕೆ ಶುರು ಮಾಡಿದರು. ಆ ಚಳವಳಿಗೆ ಬೆನ್ನೆಲುಬಾಗಿ ನಿಂತ ಊರುಗಳಲ್ಲಿ ಕೆ.ಜಿ.ಎಫ್. ಮುಂಚೂಣಿಯಲ್ಲಿತ್ತು. ಮಾರಿಕುಪ್ಪಂನಲ್ಲಿ ಸಂಘದ ಶಾಖೆ, ಚಾಂಪಿಯನ್ ರೀಫ್ಸ್‌ನಲ್ಲಿ ಇನ್ನೊಂದು ಕೇಂದ್ರ. ಗಣಿ ಕಾರ್ಮಿಕರು ಕೂಲಿಯಲ್ಲಿ ಉಳಿಸಿ ಚಂದಾ ಕೊಟ್ಟರು. 1914ರಲ್ಲಿ ದಾಸರು ತೀರಿಕೊಂಡರು. ಆಮೇಲೆ 1920ರ ದಶಕದಲ್ಲಿ ಆ ಪತ್ರಿಕೆ ಮತ್ತೆ ಜೀವ ಪಡೆದದ್ದು ಎಲ್ಲಿ? ಇದೇ ಕೆ.ಜಿ.ಎಫ್.ನಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ. ಇಲ್ಲಿನ ಸಿದ್ಧಾರ್ಥ ಮುದ್ರಣಾಲಯದಲ್ಲಿ ದಾಸರ ಬರಹಗಳು ಪುಸ್ತಕವಾಗಿ ಅಚ್ಚಾದವು.

ಇದೇ ದಕ್ಷಿಣದ ಬೌದ್ಧ ಚಳವಳಿಯ ಇನ್ನೊಬ್ಬ ಹಿರಿಯರು ಪಿ. ಲಕ್ಷ್ಮೀ ನರಸು. ಅವರು ಬರೆದ ಬೌದ್ಧ ಧರ್ಮದ ಇಂಗ್ಲಿಷ್ ಪುಸ್ತಕ 1948ರಲ್ಲಿ ಮತ್ತೆ ಅಚ್ಚಾದಾಗ ಮುನ್ನುಡಿ ಬರೆದವರು ಬಾಬಾಸಾಹೇಬರು. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ತಗೊಂಡಿದ್ದು 1956ರ ಅಕ್ಟೋಬರ್ 14ಕ್ಕೆ. ಅದಕ್ಕೆ ಸುಮಾರು 50 ವರ್ಷ ಮೊದಲೇ ಕೋಲಾರ ಜಿಲ್ಲೆಯ ಗಣಿ ಲೈನುಗಳಲ್ಲಿ ದಲಿತ ಕಾರ್ಮಿಕರು ಬುದ್ಧನ ಹೆಸರು ಹೇಳ್ತಿದ್ದರು, ಪಂಚಶೀಲ ಓದ್ತಿದ್ದರು. ಜಿ. ಅಲೋಷಿಯಸ್ ಅವರು ಈ ಚಳವಳಿ ಬಗ್ಗೆ ಇಡೀ ಒಂದು ಪುಸ್ತಕ ಬರೆದಿದ್ದಾರೆ.

ಹಗಲು ನೆಲದಡಿ ಕಲ್ಲು ಕೊರೆದವರು ಸಾಯಂಕಾಲ ಪತ್ರಿಕೆ ಓದಿಸಿ ಕೇಳಿ ಚರ್ಚೆ ಮಾಡಿದರು. ಅವರನ್ನ ನಾಲ್ಕು ಪುಟದ ಲೇಖನ "ಕೂಲಿಗಳು" ಅನ್ನೋ ಒಂದು ಪದದಲ್ಲಿ ಮುಗಿಸುತ್ತೆ. ನಮ್ಮ ಚಳವಳಿಯ ಹುಡುಗರಿಗೂ ಒಂದು ಮಾತು. ನಾವು ಪ್ರತಿ ವರ್ಷ ಬಸ್ಸು ಮಾಡಿಕೊಂಡು ನಾಗಪುರಕ್ಕೆ ಹೋಗ್ತೀವಿ, ಹೋಗಬೇಕು. ಹಾಗೇ ಒಂದ್ಸಲ ಮಾರಿಕುಪ್ಪಂಗೂ ಹೋಗಿ ಬನ್ನಿ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್, ರೈಲಿದೆ.

ಆರು. ಯೂನಿಯನ್, ಗುಂಡು, ನೀಲಿ ಬಾವುಟ

1940ರ ದಶಕದಲ್ಲಿ ಕೆ.ಎಸ್. ವಾಸನ್ ಮುಂತಾದ ಕಮ್ಯುನಿಸ್ಟರು ಇಲ್ಲಿ ಯೂನಿಯನ್ ಕಟ್ಟಿದರು. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ನವೆಂಬರ್ ಬಂದರೆ ಇವತ್ತಿಗೂ ಅವರನ್ನ ನೆನೀತಾರೆ. ಸ್ವಾತಂತ್ರ್ಯಾನಂತರ ಕೆಂಪು ಬಾವುಟದ ಜೊತೆಗೇ ನೀಲಿ ಬಾವುಟ ಹಾರಿತು. ಬಾಬಾಸಾಹೇಬರ ಕನಸಿನ ರಿಪಬ್ಲಿಕನ್ ಪಾರ್ಟಿಯಿಂದ ಕರ್ನಾಟಕದ ವಿಧಾನಸಭೆಗೆ ಆರಿಸಿ ಹೋದವರು ಬೆರಳೆಣಿಕೆ. ಸಿ.ಎಂ. ಆರ್ಮುಗಂ ಅವರನ್ನ ಆ ಪಾರ್ಟಿಯಿಂದ ಗೆಲ್ಲಿಸಿ ಕಳಿಸಿದ್ದು ಈ ಕೆ.ಜಿ.ಎಫ್. ಜನ. ಮಹಾರಾಷ್ಟ್ರದ ಹೊರಗೆ ಈ ಪಾರ್ಟಿಗೆ ಹೀಗೆ ನೆಲೆ ಕೊಟ್ಟ ಊರು ಎಷ್ಟಿವೆ? ಕರಡಿನಲ್ಲಿ ರಾಜಕೀಯ ಅನ್ನೋ ಭಾಗವೇ ಇಲ್ಲ.

ಏಳು. ಆಳ ಅನ್ನೋ ಅಂಕಿ

ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳ, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು ಅಂತ ಕರಡು ಹೇಳುತ್ತೆ. ಹೌದು. ಆದರೆ ಮೂರು ಕಿಲೋಮೀಟರ್ ಕೆಳಗೆ ಹೋದರೆ ಏನಾಗುತ್ತೆ ಅಂತ ಹೇಳಲ್ಲ. ಅಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತೆ. ತಣ್ಣಗಿನ ಗಾಳಿ ಮೇಲಿಂದ ತಳ್ಳದಿದ್ದರೆ ಮನುಷ್ಯ ಬದುಕಲ್ಲ. ಮೇಲಿನ ಬೆಟ್ಟದಂಥ ಭಾರ ಬಂಡೆಯನ್ನ ಒತ್ತುತ್ತಿರುತ್ತೆ. ಅದಿರು ತೆಗೆದ ಕಡೆ ಟೊಳ್ಳಾಗುತ್ತೆ. ಒಂದು ಗಳಿಗೆಯಲ್ಲಿ ಬಂಡೆ ಬಾಂಬಿನ ಹಾಗೆ ಸಿಡಿಯುತ್ತೆ. ಇದಕ್ಕೆ ರಾಕ್ ಬರ್ಸ್ಟ್ ಅಂತಾರೆ. ಸಿಡಿದರೆ ಮೇಲೆ ಊರಿನ ಮನೆಗಳೂ ಅಲುಗಾಡ್ತಿದ್ದವು. ಅತ್ತೆ ಹೇಳ್ತಾರೆ, "ಪಾತ್ರೆ ಅಲ್ಲಾಡಿದ್ರೆ ಸಾಕು, ಒಲೆ ಮೇಲಿನ ಅನ್ನ ಬಿಟ್ಟು ಎಲ್ಲಾ ಹೆಂಗಸ್ರೂ ಶಾಫ್ಟ್ ಹತ್ರಕ್ಕೆ ಓಡ್ತಿದ್ವಿ. ಯಾರ ಮನೆಯೋನು ಮೇಲಕ್ಕೆ ಬರ್ತಾನೆ, ಯಾರ ಮನೆಯೋನು ಬರಲ್ಲ ಅಂತ ನಿಂತ್ಕೊಂಡು ನೋಡೋದು."

ಸಿಡಿಯದಿದ್ದರೂ ಸಾವು ಬೇರೆ ದಾರಿಯಲ್ಲಿ ಬರ್ತಿತ್ತು. ಕಲ್ಲು ಕೊರೆಯುವಾಗ ಏಳೋ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಅದನ್ನ ಗಾಯ ಮಾಡಿ ಗಟ್ಟಿ ಮಾಡುತ್ತೆ. ಸಿಲಿಕೋಸಿಸ್ ಅಂತ ಹೆಸರು. ವಾಸಿ ಆಗಲ್ಲ. ಕ್ಷಯ ಸುಲಭವಾಗಿ ಅಂಟುತ್ತೆ. ಕೆಲಸ ಬಿಟ್ಟು ವರ್ಷಗಳಾದ ಮೇಲೂ ಕೆಮ್ಮು ಬಿಡಲ್ಲ.

1965ರಲ್ಲಿ ಇದೇ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಕಣಗಳನ್ನ ಪತ್ತೆ ಹಚ್ಚಿದರು. ಬೇರೆ ಕಣಗಳನ್ನೆಲ್ಲಾ ಮೇಲಿನ ಬಂಡೆ ತಡೆಯುತ್ತೆ, ನ್ಯೂಟ್ರಿನೋ ಮಾತ್ರ ಒಳಗೆ ಬರುತ್ತೆ, ಅದಕ್ಕೇ ಅಷ್ಟು ಆಳ ಬೇಕಿತ್ತು. ವಿಜ್ಞಾನಕ್ಕೆ ದೊಡ್ಡ ದಿನ. ಕರಡಿನಲ್ಲಿ ಇದಕ್ಕೆ ಒಳ್ಳೆಯ ಪ್ಯಾರಾ ಇದೆ, ಇರಲಿ. ನಾನು ಒಂದೇ ವಾಕ್ಯ ಸೇರಿಸಿ ಅಂದೆ: ಆ ಆಳವನ್ನ ಮೂರು ತಲೆಮಾರಿನ ದಲಿತ ಕಾರ್ಮಿಕರು ಕೊರೆದದ್ದು.

ಎಂಟು. ಮುಚ್ಚಿದ್ದು ಗಣಿ, ಊರಲ್ಲ

ಈಗ ಮೊದಲ ವಾಕ್ಯಕ್ಕೆ ವಾಪಸ್ ಬರ್ತೀನಿ.

2001ರ ಫೆಬ್ರವರಿ 28. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿದು, ತೆಗೆಯೋ ಖರ್ಚು ಏರಿ, ನಷ್ಟದ ಲೆಕ್ಕ ತೋರಿಸಿ ಗಣಿ ಮುಚ್ಚಿದರು. ಕಾರ್ಮಿಕರು ಕೋರ್ಟಿಗೆ ಹೋದರು, ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಣಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಇದು ನಿಜ.

ಊರು ಖಾಲಿ ಆಯಿತಾ? 2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆ ನಗರಸಭೆ ವ್ಯಾಪ್ತಿಯ ಜನಸಂಖ್ಯೆ 1 ಲಕ್ಷ 62 ಸಾವಿರಕ್ಕೂ ಹೆಚ್ಚು. ಗಣಿ ಮುಚ್ಚಿ ಹತ್ತು ವರ್ಷ ಆದಮೇಲಿನ ಲೆಕ್ಕ ಇದು. ಈ ಊರಿಗೆ ನಗರಸಭೆ ಇದೆ, ಮೀಸಲು ವಿಧಾನಸಭಾ ಕ್ಷೇತ್ರ ಇದೆ, ದಶಕಗಳಿಂದ ಪ್ರತ್ಯೇಕ ಪೊಲೀಸ್ ಜಿಲ್ಲೆ ಇದೆ. ಜನರೇ ಇಲ್ಲದ ಊರಿಗೆ ಒಬ್ಬ ಎಸ್‌ಪಿ ಯಾಕೆ ಬೇಕು ಅಂತ ಕರಡಿನ ಅಂಚಿನಲ್ಲಿ ಬರೆದೆ.

ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ನೋಡಿ. ಸಾವಿರಾರು ಜನ ಬೆಂಗಳೂರಿನ ರೈಲು ಹತ್ತುತ್ತಾರೆ. ಗಾರ್ಮೆಂಟ್ಸ್, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕಟ್ಟಡದ ಕೆಲಸ, ಓದಿದ ಮಕ್ಕಳಾದರೆ ಕಂಪ್ಯೂಟರ್ ಕಂಪನಿ. ಡಬ್ಬಿ ಊಟ ಕಟ್ಟಿಕೊಂಡು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ವಾಪಸ್. ಮಾವನೂ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತಿದ್ದರು, ಅತ್ತೆಯ ಮಗನೂ ಹಾಗೇ. ಹಗಲು ಹೊತ್ತು ಕ್ಯಾಮೆರಾ ಹಿಡಿದು ಬಂದವರಿಗೆ ಊರು ಖಾಲಿ ಕಾಣುತ್ತೆ. ದುಡಿಯೋಕೆ ಹೋದವರು ಮನೆಯಲ್ಲಿ ಹೆಂಗೆ ಸಿಗ್ತಾರೆ?

ಇನ್ನೊಂದು ಕಹಿ ಸತ್ಯ. 2011ರಲ್ಲಿ ಮಾನವ ಹಕ್ಕು ಕಾರ್ಯಕರ್ತರು ಕೆ.ಜಿ.ಎಫ್.ನಲ್ಲಿ ಮಲ ಹೊರುವ ಪದ್ಧತಿ ಇನ್ನೂ ಇದೆ ಅಂತ ಬಯಲಿಗೆ ತಂದರು. ಕಂಪನಿ ಕಾಲದ ಲೈನುಗಳ ಹಳೇ ಕಕ್ಕಸು, ಹೊರೋದಕ್ಕೆ ಮತ್ತೆ ನಮ್ಮದೇ ಜನ. ಈ ದೇಶದಲ್ಲಿ 1993ರಲ್ಲೇ ಅದನ್ನ ಕಾನೂನು ನಿಷೇಧಿಸಿತ್ತು. ಚಿನ್ನ ಹೊತ್ತವರ ಮಕ್ಕಳ ತಲೆ ಮೇಲೆ ಏನಿತ್ತು ಅನ್ನೋದು ವಿಶ್ವಕೋಶದಲ್ಲಿ ಇರಬೇಕೋ ಬೇಡವೋ ನೀವೇ ಹೇಳಿ.

ಇನ್ನು ಸೈನೈಡ್ ಗುಡ್ಡೆ. ಕಲ್ಲು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಮಣ್ಣನ್ನ ಸುರಿದು ಆದ ಬೆಟ್ಟಗಳು. 13 ಗುಡ್ಡೆ, 3 ಕೋಟಿ ಟನ್‌ಗೂ ಹೆಚ್ಚು ಮಣ್ಣು. ಗಾಳಿ ಎದ್ದರೆ ಆ ಧೂಳು ಊರಿನ ಮೇಲೆ ಬೀಳುತ್ತೆ. ಮುಚ್ಚಿಟ್ಟ ಅನ್ನದ ಮೇಲೂ ಬೂದಿ ಬಣ್ಣದ ಪದರ. ಸಿನಿಮಾದವರಿಗೆ ಅದು ಒಳ್ಳೆ ಲೊಕೇಶನ್ನು. 2018ರಿಂದ ಕೆ.ಜಿ.ಎಫ್. ಅಂದ್ರೆ ಎಲ್ಲರಿಗೂ ಒಬ್ಬ ಗಡ್ಡದ ಹೀರೋ ನೆನಪಾಗ್ತಾನೆ. ಆ ಸಿನಿಮಾದಲ್ಲಿ ಗುಲಾಮರಿಗೆ ಜಾತಿ ಇಲ್ಲ, ಯೂನಿಯನ್ ಇಲ್ಲ, ಬುದ್ಧ ಇಲ್ಲ. ಹೊರಗಿಂದ ಒಬ್ಬ ಬಂದು ಬಿಡಿಸಬೇಕು. 2024ರಲ್ಲಿ ಪ. ರಂಜಿತ್ "ತಂಗಲಾನ್" ಮಾಡಿ ಈ ನೆಲದ ಕಥೆಯನ್ನ ದಲಿತರ ಕಡೆಯಿಂದ ಹೇಳೋಕೆ ನೋಡಿದರು. ವಿಶ್ವಕೋಶ ಸಿನಿಮಾಕ್ಕಿಂತ ಹಿಂದೆ ಉಳಿಯಬಾರದು.

ಒಂದು ಪದಕ್ಕೆ ಇಷ್ಟೊಂದು ಯಾಕೆ ಅಂತ ಗೆಳೆಯರೂ ಕೇಳಿದರು. ಕಾರಣ ಇದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಆ 13 ಗುಡ್ಡೆಗಳಿಂದ ಮತ್ತೆ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಜಾಗ ಒಂದು ಸಾವಿರ ಎಕರೆಗೂ ಮೇಲೆ. ಕೆಲಸ ಬರಬಹುದು, ಬಂದರೆ ಸಂತೋಷ. ಆದರೆ ಗುಡ್ಡೆ ಅಗೆದರೆ ಧೂಳು ಯಾರ ಮನೆಗೆ? ಕೆಲಸ ಯಾರ ಮಕ್ಕಳಿಗೆ? ಲೈನ್ ಮನೆಗಳು ಕಂಪನಿ ನೆಲದಲ್ಲಿವೆ, ಅಲ್ಲಿ ಮೂರು ತಲೆಮಾರು ಬದುಕಿದವರ ಹಕ್ಕು ಏನು? ಈ ಪ್ರಶ್ನೆ ಕೇಳಬೇಕಾದರೆ ಅಲ್ಲಿ ಜನ ಇದ್ದಾರೆ ಅಂತ ಮೊದಲು ಒಪ್ಪಬೇಕು. ನಾಳೆ ಯಾವನೋ ಅಧಿಕಾರಿ ಫೈಲು ತಯಾರು ಮಾಡುವಾಗ ವಿಶ್ವಕೋಶ ತೆಗೆದು ನೋಡ್ತಾನೆ. "ನಿರ್ಜನ ಪಟ್ಟಣ" ಅಂತ ಬರ್ಕೋತಾನೆ. ಜನ ಇಲ್ಲದ ನೆಲವನ್ನ ಯಾರಿಗೆ ಬೇಕಾದರೂ ಕೊಡಬಹುದು. ಊರಾಚೆ ಇಟ್ಟು ನಮ್ಮನ್ನ ಇಲ್ಲ ಅನ್ನಿಸಿದ್ದು ಹಳೇ ಜಾತಿ ಪದ್ಧತಿ. ಊರೊಳಗೇ ಇರುವಾಗ ಪುಸ್ತಕದಲ್ಲಿ ಇಲ್ಲ ಅನ್ನಿಸೋದು ಅದರದ್ದೇ ಮುಂದುವರಿಕೆ. ಬರೆದವರಿಗೆ ಆ ಉದ್ದೇಶ ಇರಲಿಲ್ಲ ಅಂತ ನಾನು ಪೂರ್ತಿ ನಂಬ್ತೀನಿ. ಉದ್ದೇಶ ಇಲ್ಲದೆಯೂ ಆಗುತ್ತೆ, ಅದೇ ಕಷ್ಟ.

ನಾನು ಕಳಿಸಿದ ಹೊಸ ಮೊದಲ ವಾಕ್ಯ ಹೀಗಿದೆ:

"ಕೆ.ಜಿ.ಎಫ್. ಕೋಲಾರ ಜಿಲ್ಲೆಯ ಒಂದು ಪಟ್ಟಣ. ಬಹುಪಾಲು ದಲಿತ ಕಾರ್ಮಿಕರ ದುಡಿಮೆಯಿಂದ 120 ವರ್ಷ ನಡೆದ ಇಲ್ಲಿನ ಚಿನ್ನದ ಗಣಿಯನ್ನು 2001ರಲ್ಲಿ ಮುಚ್ಚಲಾಯಿತು. ಅವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ವಾಸವಾಗಿದ್ದಾರೆ."

ಗೆಳೆಯರು ಒಳ್ಳೆಯವರು. ಬೇಜಾರು ಮಾಡ್ಕೊಳ್ಳದೆ ಎಲ್ಲಾ ಓದಿದರು. "ನಿರ್ಜನ" ತೆಗೀತೀವಿ ಅಂದರು. ಬೌದ್ಧ ಚಳವಳಿ, 1930ರ ಮುಷ್ಕರ ಸೇರಿಸ್ತೀವಿ ಅಂದರು. "ದಲಿತ" ಅನ್ನೋ ಪದ ಮೊದಲ ವಾಕ್ಯದಲ್ಲೇ ಬೇಕಾ, ಸ್ವಲ್ಪ ಕೆಳಗೆ ಹಾಕೋಣ್ವಾ ಅಂತ ಇನ್ನೂ ಯೋಚನೆ ಮಾಡ್ತಿದ್ದಾರೆ. ಜಾನ್ ಟೇಲರ್ ಮೊದಲ ಪ್ಯಾರಾದಲ್ಲೇ ಇದ್ದಾನಲ್ಲ, ಅವನನ್ನೂ ಕೆಳಗೆ ಹಾಕ್ತೀರಾ ಅಂತ ಕೇಳಿದ್ದೀನಿ. ಉತ್ತರ ಬಂದಿಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ವಿಶ್ವಕೋಶದವರಿಗೆ ದಾಖಲೆ ಬೇಕು, ಅದು ತಪ್ಪಲ್ಲ. ಕೆ.ಜಿ.ಎಫ್.ನಲ್ಲಿ ನೆಂಟರಿದ್ದರೆ, ಹಳೇ ಟ್ರಂಕಿನಲ್ಲಿ ಏನಾದರೂ ಉಳಿದಿದೆಯಾ ನೋಡಿ. ತಾತನ ಯೂನಿಯನ್ ಕಾರ್ಡು, ಸಂಬಳದ ಚೀಟಿ, ಬೌದ್ಧ ಸಂಘದ ಕರಪತ್ರ, ತಮಿಳನ್ ಪತ್ರಿಕೆಯ ಒಂದು ಹರಿದ ಹಾಳೆ ಆದರೂ ಸರಿ. ಫೋಟೋ ತೆಗೆದಿಡಿ. ಎಸೀಬೇಡಿ, ಗುಜರಿಗೆ ಹಾಕಬೇಡಿ. ಅಜ್ಜಿಯರು ಬದುಕಿದ್ದರೆ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಹೋದ ವಾರ ಅತ್ತೆಗೆ ಫೋನ್ ಮಾಡಿ ಹೊಸ ವಾಕ್ಯ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಇಲ್ಲೇ ಅವ್ರೆ ಅಂತ ಹಾಕಿದೀಯಲ್ಲ, ಅಷ್ಟು ಸಾಕು. ನೀರು ಬಂತು, ಬಿಂದಿಗೆ ಇಡ್ಬೇಕು, ಇಡ್ತೀನಿ ಫೋನು."

ಜೈ ಭೀಮ್.